ಎಡಗಡೆಯ ರೆಕ್ಕೆ

ಬೀಗದ ಅಂಗಡಿಗೆ ಯಾರೇ ಬಂದು ಕೀ ಮುಂದಿಟ್ಟರೂ ಅವನ ಬಾಯಿಂದ ಬರುವ ಮೊದಲ ಮಾತು ಒಂದೇ: "ಯಾರಿಗೆ?"

ಅದು ಅವನ ಕಸುಬಿನ ಶಿಸ್ತು. ಯಾರ ಮನೆಯ ಬಾಗಿಲು ಯಾರ ಕೈಗೆ ಹೋಗುತ್ತಿದೆ ಎಂದು ತಿಳಿಯದೆ ಅವನು ಅರ ಮುಟ್ಟುವವನೇ ಅಲ್ಲ. ಹೆಂಡತಿಗೆ, ಬಾಡಿಗೆಯವರಿಗೆ, ಹಾಸ್ಟೆಲಿನಿಂದ ವಾಪಸ್ ಬಂದ ಮಗಳಿಗೆ ಎಂದು ಜನ ಹೇಳುತ್ತಿದ್ದರು. ಅವನು ತಲೆಯಾಡಿಸಿ, ಇದ್ದದ್ದನ್ನು ಇದ್ದ ಹಾಗೆ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಇನ್ನೊಂದು ಮಾಡಿ ಕೊಡುತ್ತಿದ್ದ. ಊರಿಗೆಲ್ಲ ಕೀ ಮಾಡಿಕೊಡುವ ಈ ಮಹಾನುಭಾವ ತನ್ನ ಮನೆಯ ಕೀಯನ್ನು ಮಾತ್ರ ವಾರಕ್ಕೆರಡು ಸಲ ಮರೆತು ಅಮ್ಮನ ಕೈಲಿ ಉಗಿಸಿಕೊಳ್ಳುತ್ತಿದ್ದ. ಮೂವತ್ತೇಳು ತುಂಬಿದರೂ ಮದುವೆಯ ಮಾತೆತ್ತಿದರೆ ಅಂಗಡಿಗೆ ಹೊತ್ತಾಯಿತು ಎಂದು ಎದ್ದು ಹೋಗುತ್ತಿದ್ದ. ಊರವರಿಗೆ ಅವನು ಬೀಗದವನು. "ಬೀಗ ಬಿದ್ದಿರೋದು ಇವನ ಬಾಯಿಗೆ" ಎನ್ನುತ್ತಿದ್ದಳು ಅಮ್ಮ.

ಆ ಬೆಳಗ್ಗೆ ಕೌಂಟರಿನ ಮೇಲೆ ಬಂದು ಕೂತದ್ದು ಕೀ ಅಲ್ಲ, ಹೂವಿನ ಬಟ್ಟೆಯ ಒಂದು ಗಂಟು. ಗಂಟಿನ ಹಿಂದೆ ಒಬ್ಬಳು ನಿಂತಿದ್ದಳು. ಅವಸರದಲ್ಲಿ ಎದ್ದು ಬಂದಿದ್ದಳೋ ಏನೋ, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟಿರುವ ಟೈಲರಮ್ಮ. ಅಮ್ಮಾ ಅನ್ನಿಸಿಕೊಳ್ಳುವ ವಯಸ್ಸೇನೂ ಅಲ್ಲ, ಮೂವತ್ತರ ಮೇಲೆ ಎರಡೋ ಮೂರೋ ಇದ್ದೀತು. ಹೆಸರು ಹಾಗೆ ಅಂಟಿಕೊಂಡಿತ್ತು, ಅಷ್ಟೆ.

"ನೀವು ಹಿತ್ತಲಲ್ಲಿ ಲೋಹ ಕರಗಿಸ್ತೀರಂತೆ?"

"ಯಾರು ಹೇಳಿದ್ರು?"

"ನಿಮ್ಮಮ್ಮ. ಕೋಟಿನ ಅಳತೆ ಕೊಡೋಕೆ ಬಂದಿದ್ರು. ಭಾನುವಾರ ಬಂದ್ರೆ ಮಗ ನನ್ನ ಹೇರ್ ಡ್ರೈಯರ್ ಕಿತ್ಕೊಂಡು ಹೋಗಿ ಒಲೆ ಊದ್ತಾನೆ ಅಂತ ಅರ್ಧ ಗಂಟೆ ಬೈದ್ರು. ತೋಳಿನ ಅಳತೆ ತಗೊಳ್ಳೋಕೂ ಬಿಡಲಿಲ್ಲ."

ಬೀಗದವನ ಕಿವಿ ಕೆಂಪಾಯಿತು. ಹಳೆಯ ಗಾಡಿಗಳ ಹಿಡಿ, ಗುಬುಟು, ಅಕ್ಷರ ಅಂತ ಎಲ್ಲೂ ಸಿಗದ ಚೂರುಪಾರುಗಳನ್ನು ಮನೆಯಲ್ಲೇ ಎರಕ ಹೊಯ್ಯುವುದು ಅವನ ಗುಟ್ಟಿನ ಹುಚ್ಚು. ಅಮ್ಮ ಅದನ್ನು ಇಷ್ಟು ಧಾರಾಳವಾಗಿ ಹಂಚುತ್ತಿದ್ದಾಳೆಂದು ಅವನಿಗೇನು ಗೊತ್ತು?

ಅವಳು ಗಂಟು ಬಿಚ್ಚಿದಳು. ಒಳಗೆ ಲೋಹದ ರೆಕ್ಕೆ ಇತ್ತು. ಗೇಣುದ್ದ, ಏಳು ಗರಿ, ಒಂದೊಂದು ಗರಿಗೂ ನಡುವೆ ಸಣ್ಣ ದಿಂಡು. ಬುಡದಲ್ಲಿ ದಪ್ಪ, ತುದಿಗೆ ಬರುತ್ತಾ ತೆಳುವಾಗಿ, ಗಾಳಿಗೆ ಎದ್ದ ಹಾಗೆ ಸ್ವಲ್ಪ ಮೇಲಕ್ಕೆ ಬಾಗಿತ್ತು. ಯಾವ ಕಾಲದ ಯಾವ ಪುಣ್ಯಾತ್ಮ ಕೂತು ಕೆತ್ತಿದ್ದನೋ! ಬೀಗದವನು ಅದನ್ನು ಕೈಗೆತ್ತಿಕೊಳ್ಳುವ ಮೊದಲು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಯಾರಿಗೆ?" ಬಾಯಿ ತಾನಾಗಿ ಕೇಳಿತು.

"ಅಪ್ಪನಿಗೆ."

ಅವಳು ನಿಂತಲ್ಲೇ ಹೇಳಿದಳು. ಅಪ್ಪನ ಕಾರಿನ ಮುಂಭಾಗದಲ್ಲಿ ಆಚೆಗೊಂದು ಈಚೆಗೊಂದು ಇಂಥ ರೆಕ್ಕೆ. ಹದಿನೆಂಟರಲ್ಲಿ ಅವಳು ಕಾರು ಕಲಿಯುವಾಗ ಗೇಟಿನ ಕಂಬಕ್ಕೆ ತಾಗಿಸಿ ಎಡಗಡೆಯದು ಪುಡಿಯಾಯಿತು. ಕಾರು ಮಾಡಿದ ಕಂಪನಿ ಆಗಲೇ ಮುಚ್ಚಿಹೋಗಿತ್ತು. ಅಪ್ಪ ಬೈಯಲಿಲ್ಲ. ಈಗ ಅಪ್ಪನ ಕಣ್ಣಿನ ನರ ಸೊರಗುತ್ತಿದೆ. ಎದುರಿಗೆ ಒಂದು ತಟ್ಟೆಯಷ್ಟು ಜಾಗ ಮಾತ್ರ ಕಾಣುತ್ತದೆ, ಸುತ್ತ ಎಲ್ಲ ಕತ್ತಲೆ. ಎರಡು ತಿಂಗಳು, ಹೆಚ್ಚೆಂದರೆ ಮೂರು ಎಂದಿದ್ದಾರೆ ಡಾಕ್ಟರು.

"ದಿನಾ ಬೆಳಗ್ಗೆ ಕಾರಿನ ಸುತ್ತ ಕೈಯಾಡಿಸ್ಕೊಂಡು ಬರ್ತಾರೆ. ಎಡಗಡೆ ಆ ಎರಡು ತೂತಿನ ಹತ್ರ ಬಂದು ನಿಂತುಬಿಡ್ತಾರೆ. ನನಗೆ ಅದನ್ನ ನೋಡೋಕಾಗಲ್ಲ. ಕಣ್ಣು ಪೂರ್ತಿ ಹೋಗೋದ್ರೊಳಗೆ ಅವರು ಅದನ್ನ ನೋಡ್ಬೇಕು. ಆಗುತ್ತಾ?"

"ಇಂಥದ್ದೇ ಇನ್ನೊಂದು ತಾನೇ?"

"ಹೌದು. ಇಂಥದ್ದೇ."

"ಆಗುತ್ತೆ" ಎಂದ. ಹಾಗೆ ಯಾರಿಗೂ ಅವನು ಒಂದೇ ಉಸಿರಿಗೆ ಹೇಳಿದವನಲ್ಲ. ಅವಳು ನಕ್ಕಳು. ನಕ್ಕಾಗ ಅವಳ ಒಂದು ಹುಬ್ಬು ಮಾತ್ರ ಮೇಲೇರುತ್ತಿತ್ತು. ಅವಳು ಹೋದ ಮೇಲೆ ಬೀಗದವನು ಒಂದು ಗೋದ್ರೆಜ್ಜಿನ ಕೀಯನ್ನು ತಲೆಕೆಳಗಾಗಿ ಮಿಷಿನ್ನಿಗೆ ಹಾಕಲು ಹೋದ.

ಮೊದಲ ಭಾನುವಾರ ಅವಳು ಒಂದು ತಗಡಿನ ಡಬ್ಬಿಯೊಂದಿಗೆ ಬಂದಳು. ಒಳಗೆ ಹಳೆಯ ಪಿಸ್ಟನ್ನುಗಳು, ನಾಲ್ಕು. ಹಿಂದೆ ಎಂಜಿನ್ ಬಿಚ್ಚಿದಾಗ ತೆಗೆದದ್ದನ್ನು ಅಪ್ಪ ಎಸೆಯದೆ ಇಟ್ಟುಕೊಂಡಿದ್ದರಂತೆ.

"ಇದನ್ನೇ ಕರಗಿಸೋಕಾಗುತ್ತಾ?"

"ಇದಕ್ಕಿಂತ ಒಳ್ಳೇ ಅಲ್ಯೂಮಿನಿಯಂ ಎಲ್ಲಿ ಸಿಗ್ಬೇಕು! ಅದೇ ಗಾಡಿಯ ಎದೆಯೊಳಗಿದ್ದದ್ದು ಅದರದ್ದೇ ರೆಕ್ಕೆ ಆಗುತ್ತೆ."

ಹೇಳಿದ ಮೇಲೆ ತಾನೇ ಇಷ್ಟು ಚೆಂದದ ಮಾತಾಡಿದೆನೇ ಎಂದು ಅವನಿಗೆ ನಾಚಿಕೆಯಾಯಿತು. ಮೆಟ್ಟಿಲ ಮೇಲೆ ಒದ್ದೆ ಕೂದಲು ಹರವಿಕೊಂಡು ಬಿಸಿಲು ಕಾಯುತ್ತಿದ್ದ ಅಮ್ಮ ಬಾಯಿ ತೆರೆದವಳು ಮುಚ್ಚಲಿಲ್ಲ.

ಆಮೇಲೆ ನೋಡಬೇಕಿತ್ತು ಅವನ ಮಾತನ್ನು. ಮರಳು ಅಂದರೆ ಬರೀ ಮರಳಲ್ಲ, ಹಿಟ್ಟಿನ ಜರಡಿಯಲ್ಲಿ ಸೋಸಿದ್ದು; ಅದಕ್ಕೆ ಒಂದಿಷ್ಟು ಜೇಡಿಮಣ್ಣು, ನೀರು ಬರೀ ಚಿಮುಕಿಸಿದಷ್ಟು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಮುರಿದರೆ ಉದುರದೆ ಎರಡೇ ತುಂಡಾಗಬೇಕು. ನೀರು ಹೆಚ್ಚಾದರೆ ಕಾದ ಲೋಹ ತಾಗಿದ ಕೂಡಲೇ ಆವಿ ಎದ್ದು ಮುಖಕ್ಕೇ ಸಿಡಿಯುತ್ತದೆ. ಎರಡು ಮರದ ಚೌಕಟ್ಟು, ಒಂದರ ಮೇಲೊಂದು. ನಡುವೆ ರೆಕ್ಕೆಯನ್ನಿಟ್ಟು ಮರಳು ಬಡಿದು, ಚೌಕಟ್ಟು ಬಿಡಿಸಿ ರೆಕ್ಕೆ ತೆಗೆದರೆ ಅದರ ಆಕಾರದ ಖಾಲಿ ಜಾಗ ಉಳಿಯುತ್ತದೆ. ಆ ಖಾಲಿಗೆ ಲೋಹ ಹೊಯ್ಯುವುದು.

"ನನ್ನ ಮಗನಿಗೆ ಇಷ್ಟು ಮಾತು ಬರುತ್ತೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು" ಎಂದಳು ಅಮ್ಮ, ಗಾಳಿಗೆ ಹೇಳುವ ಹಾಗೆ.

ರೆಕ್ಕೆ ಮರಳಿಗೆ ಅಂಟದಿರಲೆಂದು ಅವನು ಮುಖಕ್ಕೆ ಹಚ್ಚುವ ಪೌಡರನ್ನು ಅದರ ಮೇಲೆ ಉದುರಿಸಿದ. ಬಗ್ಗಿ ನೋಡುತ್ತಿದ್ದ ಅವಳ ಮೂಗಿನ ಪಕ್ಕಕ್ಕೂ ಒಂದು ಚಿಟಿಕೆ ಹಾರಿತು. ಹೇಳುವುದೋ ಬಿಡುವುದೋ ಎಂದು ಒದ್ದಾಡಿ, ಕೊನೆಗೆ ತನ್ನ ಮೂಗು ಮುಟ್ಟಿ ತೋರಿಸಿದ. ಅವಳು ಒರೆಸಿಕೊಂಡದ್ದು ಇನ್ನೊಂದು ಕಡೆ.

"ಅಲ್ಲಲ್ಲ, ಎಡಗಡೆ."

"ನನ್ನ ಎಡವೋ ನಿಮ್ಮ ಎಡವೋ?"

ಇಬ್ಬರೂ ನಕ್ಕರು. ನಗುತ್ತಿದ್ದವಳು ಥಟ್ಟನೆ ನಿಂತು ಮರಳೊಳಗಿನ ರೆಕ್ಕೆಯನ್ನು ನೋಡಿದಳು. ತುಟಿ ಏನೋ ಹೇಳುವಂತೆ ಅಲುಗಿತು. ಅವನ ಮುಖ ನೋಡಿದಳು, ಮತ್ತೆ ರೆಕ್ಕೆ ನೋಡಿದಳು, ಸುಮ್ಮನಾದಳು. ಮೂಗಿನ ಸುದ್ದಿ ಎತ್ತಿ ತಪ್ಪು ಮಾಡಿದೆನೇನೋ ಎಂದು ಬೀಗದವನು ನಾಲಿಗೆ ಕಚ್ಚಿಕೊಂಡ.

ಒಳಗೆ ಸುಡುಮಣ್ಣು ಮೆತ್ತಿದ ಹಳೆಯ ಬಕೆಟ್ಟೇ ಅವನ ಒಲೆ. ಇದ್ದಿಲ ಕೆಂಡದ ನಡುವೆ ಮೂಸೆ ಎಂಬ ದಪ್ಪ ಪಾತ್ರೆ. ಪಕ್ಕದ ಕೊಳವೆಗೆ ಕಟ್ಟಿದ ಹೇರ್ ಡ್ರೈಯರ್ ಗುಂಯ್ ಎನ್ನುತ್ತಿತ್ತು. ಮೊದಮೊದಲು ಪಿಸ್ಟನ್ ಏನೂ ಆಗದಂತೆ ಬಿಮ್ಮನೆ ಕೂತಿತ್ತು. ಆಮೇಲೆ ಒಂದು ಅಂಚು ಮೆತ್ತಗಾಯಿತು, ಭುಜ ಕುಸಿಯಿತು, ನೋಡನೋಡುತ್ತಿದ್ದ ಹಾಗೆ ಇಡೀ ಪಿಸ್ಟನ್ ತನ್ನೊಳಗೇ ಇಳಿದುಹೋಯಿತು. ಅವನು ಉದ್ದ ಸೌಟಿನಿಂದ ಮೇಲಿನ ಬೂದು ಕೆನೆಯನ್ನು ಪಕ್ಕಕ್ಕೆ ಸರಿಸಿದ.

ಕೆಳಗೆ ಕಂಡದ್ದನ್ನು ನೋಡಿ ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. ಒಂದು ಚೂರು ಕಲೆಯಿಲ್ಲದ ಬೆಳ್ಳಗಿನ ಬೆಳಕು, ಪಾತ್ರೆಯಲ್ಲಿ ತುಂಬಿ ನಿಂತಿತ್ತು. ಸುತ್ತ ಕೆಂಡದ ಕೆಂಪು, ನಡುವೆ ಅದು. ಮೇಲಿನ ಆಕಾಶ, ಹಾರುತ್ತಿದ್ದ ಒಂದು ಹಕ್ಕಿ, ಎಲ್ಲ ಅದರೊಳಗೆ ನಡುಗುತ್ತಾ ಕಾಣುತ್ತಿತ್ತು.

"ಇದು... ಇದು ಆ ಕೊಳಕು ಪಿಸ್ಟನ್ನಾ?"

"ಅದೇ."

"ಅಯ್ಯಪ್ಪಾ!" ಅವಳ ದನಿ ಮೆಲ್ಲಗಾಯಿತು. "ಎಲ್ಲಿತ್ತು ಇಷ್ಟು ದಿನ ಈ ಬೆಳಕು?"

ಹದಿನೈದು ವರ್ಷದಿಂದ ಲೋಹ ಕರಗಿಸುತ್ತಿದ್ದವನು ಆ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅವಳ ಜೊತೆ ನಿಂತು ನೋಡಿದಾಗ ಅವನಿಗೂ ಮೈ ಜುಮ್ಮೆಂದಿತು. ಇಕ್ಕಳದಿಂದ ಮೂಸೆ ಎತ್ತಿ ಮರಳಿನ ಬಾಯಿಗೆ ಹೊಯ್ದ. ಬೆಳಕು ದಾರದಂತೆ ಇಳಿದು ಮರಳೊಳಗೆ ಮಾಯವಾಯಿತು.

ಅರ್ಧ ಗಂಟೆಯ ಮೇಲೆ ಮರಳು ಒಡೆದರೆ ರೆಕ್ಕೆಗೆ ಐದೇ ಗರಿ. ತುದಿ ತಲುಪುವ ಮೊದಲೇ ಲೋಹ ಗಟ್ಟಿಯಾಗಿತ್ತು. ಅವನ ಮುಖ ಸಪ್ಪೆಯಾಯಿತು.

"ಲೋಹಕ್ಕೇನೂ ಬೇಜಾರಿಲ್ಲ" ಎಂದ. "ಮತ್ತೆ ಕರಗಿಸಿದ್ರೆ ಹಳೇದೇನೂ ನೆನಪಿಟ್ಕೊಳ್ಳಲ್ಲ."

"ನಮ್ಮ ಬಟ್ಟೆಗೆ ಆ ಭಾಗ್ಯ ಇಲ್ಲ ನೋಡಿ. ಕತ್ತರಿ ಆಡಿಸಿದ್ರೆ ಮುಗೀತು" ಎಂದಳು. ಬಾಗಿಲ ತನಕ ಹೋಗಿ ತಿರುಗಿ ನಿಂತಳು. "ಹಾಗಾದ್ರೆ ಮುಂದಿನ ಭಾನುವಾರ?"

"ಮುಂದಿನ ಭಾನುವಾರ" ಎಂದ ಬೀಗದವನು. ಎರಕ ಕೆಟ್ಟದ್ದಕ್ಕೆ ಯಾರಾದರೂ ಅಷ್ಟು ಖುಷಿಪಟ್ಟದ್ದುಂಟೇ?

ಎರಡನೆಯ ಸಲ ಏಳೂ ಗರಿ ಬಂದವು. ಆದರೆ ಮೂಲದ ಪಕ್ಕದಲ್ಲಿಟ್ಟರೆ ಹೊಸದು ಚಿಕ್ಕದು. ಅಕ್ಕಿಕಾಳಿನ ಅರ್ಧದಷ್ಟು. ರೆಕ್ಕೆಯ ಬೆನ್ನಿನ ಎರಡು ಗೂಟಗಳು ಕಾರಿನ ತೂತಿಗೆ ಕೂರುವ ಹಾಗಿರಲಿಲ್ಲ. ಕೀ ಮಾಡುವವನಿಗೆ ಇದ್ದದ್ದು ಇದ್ದ ಹಾಗೆ ಬರಲಿಲ್ಲವೆಂದರೆ ಊಟ ಸೇರುತ್ತದೆಯೇ? ತಲೆ ಕೆರೆದುಕೊಂಡು ಕೂತ.

"ತಣ್ಣಗಾಗೋವಾಗ ಕುಗ್ಗಿದೆ" ಎಂದಳು ಅವಳು. "ಹತ್ತಿ ಬಟ್ಟೆನೂ ಹಾಗೇ ಅಲ್ವಾ? ಒಗೆದ ಮೇಲೆ ಕುಗ್ಗುತ್ತೆ ಅಂತ ನಾವು ಮೊದಲೇ ಬಿಟ್ಟು ಕತ್ತರಿಸ್ತೀವಿ."

ಅವನು ಕಣ್ಣರಳಿಸಿ ನೋಡಿದ. ಮೂಲದ ಅಂಚಿಗೆಲ್ಲ ತೆಳ್ಳಗೆ ಮೇಣ ಹಚ್ಚಿ ಕುಗ್ಗುವಷ್ಟು ದೊಡ್ಡದು ಮಾಡಿದ. ಮೂರನೆಯ ಸಲ ಅಳತೆ ಸರಿಯಾಯಿತು, ಆದರೆ ಮೂರನೇ ಗರಿಯ ಮೇಲೆ ಗಾಳಿಗುಳ್ಳೆ ಒಡೆದ ಗುಂಡಿ. ನಾಲ್ಕನೆಯ ಸಲ ಅವಳು ಸ್ವೆಟರ್ ಹೆಣೆಯುವ ಕಡ್ಡಿ ತಂದು ಮರಳಿಗೆ ತಾನೇ ಗಾಳಿಯ ದಾರಿ ಚುಚ್ಚಿದಳು. ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಹಿಡಿದು, ಉಸಿರು ಬಿಗಿಹಿಡಿದು. ಅವನು ಮರಳು ನೋಡಬೇಕಿತ್ತು. ನೋಡಲಿಲ್ಲ.

"ಏನು ನೋಡ್ತಿದ್ದೀರಿ?"

"ತೂತು."

"ತೂತು ಈ ಕಡೆ ಇದೆ."

ಮೆಟ್ಟಿಲ ಮೇಲಿಂದ ಅಮ್ಮ ಜೋರಾಗಿ ಕೆಮ್ಮಿದಳು. ಕೆಮ್ಮೇನೂ ಇರಲಿಲ್ಲ ಅವಳಿಗೆ.

ಅವತ್ತು ಮರಳು ಒಡೆದಾಗ ರೆಕ್ಕೆ ಇಡಿಯಾಗಿ, ಬಿಸಿಬಿಸಿಯಾಗಿ, ಒಂದು ಕುಂದಿಲ್ಲದೆ ಹೊರಬಂತು. ಅವನು ಖುಷಿಯಿಂದ ತಲೆಯೆತ್ತಿದ. ಅವಳ ಕಣ್ಣಲ್ಲಿ ನೀರಿತ್ತು. ಆನಂದಕ್ಕೆ ಎಂದುಕೊಂಡ. ಪಾಪದವನು.

ಮೂರು ದಿನ ಅರ ಹಾಕಿ, ಮರಳು ಕಾಗದದಲ್ಲಿ ಉಜ್ಜಿ, ಪಾಲಿಶ್ ಮಾಡಿ, ಗುರುವಾರ ಮಧ್ಯಾಹ್ನ ಹಳೆಯದರ ಜೊತೆ ಅವನೇ ಅವಳ ಮನೆಗೆ ಹೊತ್ತುಕೊಂಡು ಹೋದ. ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ, ಪಕ್ಕದ ಶೆಡ್ಡಿನಲ್ಲಿ ಕಾರು. ಕೆನೆಬಣ್ಣದ ಗುಂಡುಗುಂಡನೆಯ ಹಳೆಯ ಕಾರು, ಸಾಕಿದ ಪ್ರಾಣಿಯಂತೆ ಶುಭ್ರವಾಗಿತ್ತು. ಅದರ ಬಾನೆಟ್ಟಿಗೆ ಒರಗಿ ಅವಳ ಅಪ್ಪ ನಿಂತಿದ್ದರು. ಎತ್ತರದ ಮನುಷ್ಯ, ಜೀವನವಿಡೀ ಗಾಡಿ ಓಡಿಸಿದವರು.

"ನೀನೇ ಏನಪ್ಪ ಬೀಗದವನು? ಬಾ, ಸ್ವಲ್ಪ ನೇರಕ್ಕೆ ಬಂದು ನಿಲ್ಲು. ಮೊದಲು ತಟ್ಟೆಯಷ್ಟು ಕಾಣ್ತಿತ್ತು, ಈಗ ಬಟ್ಟಲಷ್ಟಾಗಿದೆ. ಬಟ್ಟಲೊಳಗೆ ಬಾ." ನಕ್ಕರು. "ಹ್ಞಾ, ಈಗ ಸಿಕ್ಕಿದೆ ಮುಖ. ಒಳ್ಳೇ ಮುಖ. ಎಲ್ಲಿ, ರೆಕ್ಕೆ ಕೊಡು."

ಕೊಟ್ಟ. ಅವರು ಕಣ್ಣಿಗೆ ಹಿಡಿಯಲಿಲ್ಲ. ಬೆರಳಲ್ಲಿ ಬುಡದಿಂದ ತುದಿಗೆ ಒಮ್ಮೆ, ತುದಿಯಿಂದ ಬುಡಕ್ಕೆ ಒಮ್ಮೆ ಸವರಿದರು. ಹುಬ್ಬು ಗಂಟಾಯಿತು.

"ತುಂಬಾ ಚೆನ್ನಾಗಿದೆ ಮಗಾ. ಆದ್ರೆ ಇದು ಬಲಗಡೆದಲ್ವೇ?"

"ಇಲ್ಲ, ಇದು ಹೊಸ್ದು. ಬಲಗಡೆದು ಇಲ್ಲಿದೆ..." ಎನ್ನುತ್ತಾ ಅವನು ಕಾರಿನ ಎಡಕ್ಕೆ ಹೋಗಿ ಹೊಸ ರೆಕ್ಕೆಯನ್ನು ತೂತಿನ ನೇರಕ್ಕೆ ಹಿಡಿದ. ಗರಿಗಳು ಹಿಂದಕ್ಕೆ ಹಾರುವ ಬದಲು ಮುಂದಕ್ಕೆ ಬೀಸಿ ನಿಂತವು. ತಿರುಗಿಸಿ ಹಿಡಿದರೆ ತಲೆಕೆಳಗು. ಎರಡು ರೆಕ್ಕೆ ಎಂದರೆ ಎರಡು ಕೈ ಇದ್ದ ಹಾಗೆ. ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಮಾಡಿ ಮಾಡಿ ಕೈ ಎಷ್ಟು ಪಳಗಿತ್ತೆಂದರೆ, ಬುದ್ಧಿ ಒಂದು ಸಲವೂ ಅಡ್ಡ ಬಂದಿರಲಿಲ್ಲ.

ಬೀಗದವನು ಹೊಸ ರೆಕ್ಕೆಯನ್ನು ಮೆಲ್ಲಗೆ ಬಾನೆಟ್ಟಿನ ಮೇಲಿಟ್ಟ.

"ಟೀ ಆರಿಹೋಗುತ್ತೆ" ಎಂದು ಅಪ್ಪ ಗೋಡೆ ಮುಟ್ಟಿಕೊಳ್ಳುತ್ತಾ ಒಳಗೆ ನಡೆದರು. ಟೀ ಇನ್ನೂ ಒಲೆಯ ಮೇಲೇ ಇಟ್ಟಿರಲಿಲ್ಲ.

"ನನಗೆ ಗೊತ್ತಿತ್ತು" ಎಂದಳು ಅವಳು.

"ಏನು?"

"ಇದು ಬಲಗಡೆದೇ ಆಗುತ್ತೆ ಅಂತ. ಮೊದಲ ಭಾನುವಾರವೇ ಹೊಳೀತು, ನನ್ನ ಎಡವೋ ನಿಮ್ಮ ಎಡವೋ ಅಂದೆನಲ್ಲ, ಆವಾಗ. ಹೊಲಿಗೆ ಕಲಿಯೋರೆಲ್ಲ ಮೊದಲು ಮಾಡೋ ತಪ್ಪು ಅದು, ಎರಡೂ ಬಲಗೈ ತೋಳು ಕತ್ತರಿಸಿಬಿಡೋದು. ನಾನೇ ಎಷ್ಟೋ ಕೆಡಿಸಿದ್ದೀನಿ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ..." ಅವಳು ತಲೆ ಅಲ್ಲಾಡಿಸಿದಳು. "ಇಲ್ಲ, ಅದು ಸುಳ್ಳು. ಕೆಲಸ ಮುಗಿದುಬಿಟ್ರೆ ಭಾನುವಾರ ನಿಮ್ಮ ಹಿತ್ತಲಲ್ಲಿ ನನಗೇನು ಕೆಲಸ? ಪ್ರತಿ ಸಲ ಇವತ್ತು ಹೇಳಿಬಿಡ್ತೀನಿ ಅಂತಲೇ ಬರ್ತಿದ್ದೆ. ನೀವು ಕೆನೆ ಸರಿಸಿ ಆ ಬೆಳಕು ತೋರಿಸಿದ ಕೂಡ್ಲೇ ಬಾಯಿ ಕಟ್ಟಿಹೋಗ್ತಿತ್ತು."

ಇದೇ ಮಾತನ್ನು ಹಿಂದಿನ ದಿನ ಕೇಳಿದ್ದರೆ ಬೀಗದವನು ನಿಂತ ನೆಲದಲ್ಲಿ ನಿಲ್ಲುತ್ತಿರಲಿಲ್ಲ. ಈಗ ಅವನಿಗೆ ಕಾಣುತ್ತಿದ್ದದ್ದು ಗೋಡೆ ಮುಟ್ಟಿಕೊಂಡು ಹೋದ ಆ ಕೈ.

"ನಾಲ್ಕು ವಾರ" ಎಂದ. "ತಟ್ಟೆಯಷ್ಟಿದ್ದದ್ದು ಬಟ್ಟಲಷ್ಟಾಯ್ತು. ಅದು ನಿಮ್ಮಪ್ಪನ ಕಣ್ಣು."

ಅವನು ಟೀಗೂ ನಿಲ್ಲದೆ ಬಂದುಬಿಟ್ಟ.

ಮನೆಗೆ ಬಂದು ಉಮ್ಮೆಂದು ಕೂತ. ಅಮ್ಮ ಬಿಡುವ ಪೈಕಿಯೇ? ಒಂದೊಂದೇ ಎಳೆ ಹಿಡಿದು ಎಲ್ಲ ಹೊರಗೆಳೆದಳು.

"ಸರಿ, ಅವಳು ಸುಮ್ಮನಿದ್ದದ್ದು ತಪ್ಪು. ಒಪ್ಪಿದೆ" ಎಂದಳು ಕೊನೆಗೆ. "ಕೂದಲೆಳೆ ವ್ಯತ್ಯಾಸ ಕಂಡುಹಿಡಿಯೋ ಮಹಾರಾಯ ನೀನು. ಬಲಗಡೆ ರೆಕ್ಕೆ ನಾಲ್ಕು ವಾರ ನಿನ್ನ ಕೈಲೇ ಇತ್ತು. ನಿನ್ನ ಕಣ್ಣು ಎಲ್ಲಿತ್ತೋ?"

ಅವನಿಗೆ ಉತ್ತರ ಗೊತ್ತಿತ್ತು. ಅದಕ್ಕೇ ರಾತ್ರಿಯೆಲ್ಲ ಮಗ್ಗುಲು ಬದಲಾಯಿಸಿದ.

ಬೆಳಗ್ಗೆ ಅಂಗಡಿ ತೆರೆಯದೆ ಸೀದಾ ಅವಳ ಬಾಗಿಲಿಗೆ ಹೋದ. ಕೈಯಲ್ಲಿ ಮೂಲದ ರೆಕ್ಕೆ, ಒಂದು ಮೇಣದ ಗಟ್ಟಿ, ಸಣ್ಣ ಚಾಕು. ಅವಳ ಕಣ್ಣು ಊದಿಕೊಂಡಿತ್ತು.

"ಇರೋದನ್ನ ಇರೋ ಹಾಗೆ ಮಾಡೋದಷ್ಟೇ ನನಗೆ ಬರೋದು" ಎಂದ. "ಇಲ್ಲದ ಕಡೆಯದನ್ನ ಮಾಡೋದು ನಿಮಗೆ ಗೊತ್ತು. ಕಲಿಸ್ಕೊಡಿ."

ಅವಳು ಒಂದು ಗಳಿಗೆ ಅವನನ್ನೇ ನೋಡಿ, ಗಿರಾಕಿಗಳು ಬಟ್ಟೆ ಹಾಕಿ ನೋಡುವ ಕೋಣೆಯಿಂದ ಆಳೆತ್ತರದ ಕನ್ನಡಿಯನ್ನು ಎಳೆದು ತಂದು ಮೇಜಿಗೆ ಒರಗಿಸಿದಳು. ಅದರ ಮುಂದೆ ಬಲಗಡೆಯ ರೆಕ್ಕೆ ಇಟ್ಟಳು. ಕನ್ನಡಿಯೊಳಗೆ, ಎಷ್ಟೋ ವರ್ಷದ ಹಿಂದೆ ಪುಡಿಯಾಗಿ ಹೋಗಿದ್ದ ಎಡಗಡೆಯ ರೆಕ್ಕೆ ಇಡಿಯಾಗಿ ಮಲಗಿತ್ತು. ಇಬ್ಬರೂ ಉಸಿರು ಬಿಡದೆ ನೋಡಿದರು. ಇಲ್ಲ ಇಲ್ಲ ಎಂದುಕೊಂಡದ್ದು ಇಷ್ಟು ಹತ್ತಿರದಲ್ಲಿತ್ತೇ!

"ಕೈಯಲ್ಲಿರೋದನ್ನ ನೋಡ್ಬೇಡಿ" ಎಂದಳು. "ಕನ್ನಡಿ ನೋಡ್ಕೊಂಡು ಕೆತ್ತಿ."

ಹೇಳಿದಷ್ಟು ಸುಲಭವೇ? ಅವನ ಕೈ ಹಳೆಯ ಚಾಳಿಗೆ ಬಿದ್ದು ಬಲಕ್ಕೇ ಓಡುತ್ತಿತ್ತು. ಅವಳು ಹಿಂದೆ ನಿಂತು "ಊಹ್ಞೂಂ" ಎನ್ನುತ್ತಿದ್ದಳು. ಮೇಣ ಕೆರೆದು ಮತ್ತೆ ಮೆತ್ತುತ್ತಿದ್ದ. ಕನ್ನಡಿ ನೋಡಿ ಎಂದವಳಿಗೆ ಒಂದು ವಿಷಯ ಹೊಳೆದಿರಲಿಲ್ಲ: ಕನ್ನಡಿಯಲ್ಲಿ ರೆಕ್ಕೆಯೊಂದೇ ಇರುವುದಿಲ್ಲವಲ್ಲ. ರೆಕ್ಕೆಯ ಮೇಲೆ ಅವಳ ಮುಖವೂ ಇತ್ತು. ಅವನು ತಲೆಯೆತ್ತಿದಾಗಲೆಲ್ಲ ಅವಳ ಕಣ್ಣು ಅಲ್ಲೇ ಸಿಗುತ್ತಿತ್ತು. ಸಿಕ್ಕ ಕೂಡಲೇ ಅವಳು ದಾರದ ಉಂಡೆ ಹುಡುಕುತ್ತಿದ್ದಳು.

ಮೂರನೆಯ ದಿನ ಅವನು ಚಾಕು ಕೆಳಗಿಟ್ಟ. ಎದುರಿಗೆ ತಿರುಗಿ ಹೇಳಲು ಧೈರ್ಯ ಸಾಲದೆ ಕನ್ನಡಿಗೇ ಹೇಳಿದ.

"ಅವತ್ತು ನಿಮಗೆ ಬೈದೆ."

"ಬೈಬೇಕಾದ್ದೇ."

"ಅರ್ಧ ಬೈಗುಳ ನನ್ನ ಪಾಲಿಂದು. ಬಲ ಯಾವುದು ಎಡ ಯಾವುದು ಅಂತ ನೋಡೋಕೆ ಒಂದು ಗಳಿಗೆ ಸಾಕಿತ್ತು. ನಾಲ್ಕು ವಾರ ಆ ರೆಕ್ಕೆ ಹಿಡ್ಕೊಂಡಿದ್ದೆ, ನೋಡ್ತಿದ್ದದ್ದು ಮಾತ್ರ ನಿಮ್ಮನ್ನ." ಮೇಜಿನ ಮೇಲಿನ ಮೇಣದ ಪುಡಿಯನ್ನು ಒಂದು ಕಡೆಗೆ ಗುಡಿಸಿದ. "ನೀವಂದ್ರೆ ನನಗೆ ತುಂಬಾ ಇಷ್ಟ. ಭಾನುವಾರಕ್ಕೆ ಮಾತ್ರ ಅಲ್ಲ."

ಕನ್ನಡಿಯೊಳಗೆ ಅವಳ ಒಂದು ಹುಬ್ಬು ಮೇಲೇರಿತು. ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವಿತ್ತು.

"ರೆಕ್ಕೆ ಆಗ್ಲಿ. ಅಪ್ಪ ನೋಡ್ಲಿ. ಅಲ್ಲಿಗಂಟ ನನಗೆ ಬೇರೆ ಮಾತಾಡೋಕೆ ಮುಖ ಇಲ್ಲ" ಎಂದಳು. "ಅದಾದ ಮೇಲೆ ಹೇಳ್ತೀನಿ. ಈ ಸಲ ತಡ ಮಾಡಲ್ಲ."

ಮೇಣದ ರೆಕ್ಕೆ ಮುಗಿಯಲು ಒಂಬತ್ತು ದಿನ ಹಿಡಿಯಿತು. ದಿನಾ ಸಂಜೆ ಅಪ್ಪ ಬಂದು ಬಲಗೈಯಲ್ಲಿ ಲೋಹದ್ದು, ಎಡಗೈಯಲ್ಲಿ ಮೇಣದ್ದು ಹಿಡಿದು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. "ನಾಲ್ಕನೇ ಗರಿ ಒಂದು ಚೂರು ದಪ್ಪ." "ತುದಿ ಇನ್ನೂ ಸ್ವಲ್ಪ ಏಳಲಿ." ಸ್ಕೇಲಿಗೆ ಸಿಗದ್ದು ಆ ಬೆರಳಿಗೆ ಸಿಗುತ್ತಿತ್ತು. ಒಂಬತ್ತನೆಯ ದಿನ ತಪ್ಪೇನೂ ಸಿಗದೆ ಎರಡನ್ನೂ ಮೇಜಿನ ಮೇಲಿಟ್ಟು ಅವನ ತಲೆ ಸವರಿದರು. ಆ ರಾತ್ರಿ ಅವನು ಮೇಣದ ರೆಕ್ಕೆಯ ಅಂಚಿಗೆಲ್ಲ, ಲೋಹ ಕುಗ್ಗುವಷ್ಟು, ಇನ್ನೊಂದು ತೆಳು ಪದರ ಹಚ್ಚಿದ.

ಎರಕದ ಭಾನುವಾರ ಅಪ್ಪನೂ ಬಂದರು. ಅಮ್ಮ ಮೆಟ್ಟಿಲ ಮೇಲೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಪಿಸ್ಟನ್ನಿನಲ್ಲಿ ಉಳಿದದ್ದು ಸಾಲುತ್ತಿರಲಿಲ್ಲ. ಟೈಲರಮ್ಮ ಆ ಚೆಂದದ ತಪ್ಪು ರೆಕ್ಕೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ತಾನೇ ಮೂಸೆಗೆ ಇಳಿಸಿದಳು. ಏಳು ಗರಿಯೂ ಒಂದೊಂದಾಗಿ ಬೆಳಕಿಗೆ ಸೇರಿಹೋದವು. ಅವನು ಕೆನೆ ಸರಿಸಿದ.

"ಅಲ್ಲೇನೋ ಬೆಳ್ಳಗೆ ಕಾಣ್ತಿದೆ" ಎಂದರು ಅಪ್ಪ ಮೆಟ್ಟಿಲಿಂದ. "ಗುಂಡಿಯಷ್ಟು. ಕೋಟಿನ ಗುಂಡಿಯಷ್ಟು."

ಬೀಗದವನು ಮೂಸೆ ಎತ್ತಿದ. ಇನ್ನೊಂದು ಭಾನುವಾರಕ್ಕೆ ಆ ಗುಂಡಿಯೂ ಉಳಿಯುತ್ತದೋ ಇಲ್ಲವೋ. ಹಲ್ಲು ಕಚ್ಚಿ, ಒಂದೇ ಧಾರೆಯಲ್ಲಿ ಹೊಯ್ದ. ಅರ್ಧ ಗಂಟೆ ನಾಲ್ವರೂ ಮರಳಿನ ಪೆಟ್ಟಿಗೆಯನ್ನು ನೋಡುತ್ತಾ ಕೂತರು. ಒಡೆದ. ರೆಕ್ಕೆ ಎದ್ದು ಬಂತು. ಏಳು ಗರಿ, ಎಡಕ್ಕೆ ಹಾರುವ ಏಳು ಗರಿ. ಅಮ್ಮ ಅಳುತ್ತಿದ್ದಳು, ಕೇಳಿದರೆ ಹೊಗೆ ಎಂದಳು.

ಎರಡು ದಿನ ಹಗಲೆಲ್ಲ ಉಜ್ಜಿ, ಬಿಸಿಲು ಚೆನ್ನಾಗಿದ್ದ ಬುಧವಾರ ಬೆಳಗ್ಗೆ ಕಾರನ್ನು ಶೆಡ್ಡಿನಿಂದ ಹೊರಗೆ ತಂದು ಕೂರಿಸಿದ. ಗೂಟಗಳು ತೂತಿಗೆ ಕ್ಲಿಕ್ ಎಂದು ಕೂತವು. ಅಪ್ಪ ಕಾರಿನ ಮುಂದೆ ನಿಂತು ಎರಡೂ ಕೈ ಚಾಚಿದರು. ಬಲಗೈ ಹೊಸದರ ಮೇಲೆ, ಎಡಗೈ ಹಳೆಯದರ ಮೇಲೆ. ಎರಡೂ ಕೈ ಒಟ್ಟಿಗೆ ಬುಡದಿಂದ ತುದಿಗೆ ಹೋದವು, ಒಟ್ಟಿಗೆ ನಿಂತವು. ಆಮೇಲೆ ಮೆಲ್ಲಗೆ ಬಗ್ಗಿ, ಹೊಸ ರೆಕ್ಕೆಗೆ ಮುಖ ತಾಗುವಷ್ಟು ಹತ್ತಿರ ಹೋದರು. ಬಿಸಿಲು ಅದರ ಮೇಲೆ ಬಿದ್ದಿತ್ತು.

"ಹೊಳೀತಿದೆ" ಎಂದರು. "ಮಗಳೇ, ಹೊಳೀತಿದೆ ಕಣೇ! ಆಕಾರ ಕೈಗೆ ಸಿಕ್ತು, ಹೊಳಪು ಕಣ್ಣಿಗೆ ಸಿಕ್ತು. ಇನ್ನೇನು ಬೇಕು ನನಗೆ?"

ಅವಳು ಅಪ್ಪನ ತೋಳಿಗೆ ಮುಖ ಒತ್ತಿದಳು. "ನಾನೇ ಅಲ್ವಾ ಅಪ್ಪ ಮುರಿದಿದ್ದು. ದಿನಾ ನೀವು ಅಲ್ಲಿ ಬಂದು ನಿಲ್ಲೋವಾಗ..."

"ಅಯ್ಯೋ ಹುಚ್ಚಿ! ಅದಕ್ಕಾ?" ಅಪ್ಪ ನಕ್ಕುಬಿಟ್ಟರು. "ಅವತ್ತು ನೀನು ಮೊದಲ ಸಲ ಒಬ್ಳೇ ಗಾಡಿ ಓಡಿಸಿದ್ದೆ. ಕಂಬಕ್ಕೆ ಹೊಡೆದ್ರೂ ಎಂಜಿನ್ ಆಫ್ ಆಗೋಕೆ ಬಿಡಲಿಲ್ಲ ನೀನು. ಅದನ್ನ ನೆನೆಸ್ಕೊಳ್ಳೋಕೆ ನಿಲ್ತಿದ್ದೆ ಕಣೇ ನಾನು."

ಬೀಗದವನು ಹೊರಗೆ ಗೇಟಿನ ಹತ್ತಿರ ಹೋಗಿ, ಅದೇ ಕಂಬವನ್ನು ಬಹಳ ಹೊತ್ತು ನೋಡುತ್ತಾ ನಿಂತ.

ಮಾರನೆಯ ಬೆಳಗ್ಗೆ ಅಂಗಡಿಯಲ್ಲಿ ಅವನಿಗೆ ಕೈಯೇ ಆಡಲೊಲ್ಲದು. ರೆಕ್ಕೆ ಆಯಿತು, ಅಪ್ಪ ನೋಡಿಯೂ ಆಯಿತು. ತಡ ಮಾಡಲ್ಲ ಎಂದಿದ್ದಳು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ತಲೆ ತಗ್ಗಿಸಿ ಯಾರದೋ ಕಪಾಟಿನ ಬೀಗ ಬಿಚ್ಚುತ್ತಿದ್ದಾಗ ಕೌಂಟರಿನ ಮೇಲೆ ಟಣ್ ಎಂದು ಸದ್ದಾಯಿತು. ಒಂದು ಹಳೆಯ ಕಾರಿನ ಕೀ, ಹಿಡಿದು ಹಿಡಿದು ಸವೆದದ್ದು.

"ಇದಕ್ಕೆ ಇಷ್ಟು ವರ್ಷದಿಂದ ಇರೋದು ಒಂದೇ ಕೀ. ಇನ್ನೊಂದು ಮಾಡ್ಬೇಕಿತ್ತು."

"ಯಾರಿಗೆ?" ತಲೆಯೆತ್ತದೆ ಬಾಯಿ ತಾನಾಗಿ ಕೇಳಿತು.

"ನಿನಗೆ."

ಅವನು ತಲೆಯೆತ್ತಿದ. ಕೊರಳಲ್ಲಿ ಟೇಪು, ಮೇಲೇರಿದ ಒಂದು ಹುಬ್ಬು. ಅವನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಎಲ್ಲೋ ಉರುಳಿಹೋಯಿತು. ಕೌಂಟರಿನ ಮೇಲೆ ಅವಳ ಬೆರಳುಗಳಿದ್ದವು. ಕೀ ತೆಗೆದುಕೊಳ್ಳಲು ಹೋದವನು ಬೆರಳನ್ನೂ ಹಿಡಿದುಕೊಂಡ. ಬೀದಿಯಲ್ಲಿ ಜನ ಓಡಾಡುತ್ತಿದ್ದರು, ಇಬ್ಬರಿಗೂ ಅದರ ಪರಿವೆಯಿರಲಿಲ್ಲ.

ಆಮೇಲೆ ಮಿಷಿನ್ನಿಗೆ ಕೂತ. ಅವನ ಕಸುಬಿನಲ್ಲೇ ಮೊದಲ ಬಾರಿಗೆ ಒಂದು ಕೀ ಕೆಟ್ಟಿತು. ಎರಡನೆಯದೂ ಕೆಟ್ಟಿತು.

"ಬೇಕಂತಲೇ ಕೆಡಿಸ್ತಿದ್ದೀಯ?" ಎಂದಳು.

"ಹೌದು" ಎಂದ ಬೀಗದವನು.

ಅವಳು ಸ್ಟೂಲು ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು.